ಫ್ಲೂ ಲಸಿಕೆ ವರ್ಷ ವರ್ಷ ಯಾಕೆ ಬದಲಾಗುತ್ತದೆ? ಅದರ ಹಿಂದಿರುವ ದೇಶ ದೇಶಗಳ ಮುಯ್ಯಾಳಿನ ಕಥೆ

"ಹೋದ ವರ್ಷ ತಾನೇ ಹಾಕಿಸಿಕೊಂಡೆ. ಈ ವರ್ಷ ಮತ್ತೆ ಯಾಕೆ?"

ವಯಸ್ಸಾದವರಿಗೆ ಡಾಕ್ಟರು ಫ್ಲೂ ಲಸಿಕೆ ಬರೆದುಕೊಟ್ಟಾಗ ಮನೆಗಳಲ್ಲಿ ಈ ಮಾತು ಬಂದೇ ಬರುತ್ತದೆ. ಪ್ರಶ್ನೆ ಸರಿಯಾಗಿಯೇ ಇದೆ. ದಡಾರದ ಚುಚ್ಚುಮದ್ದನ್ನು ಯಾರೂ ವರ್ಷ ವರ್ಷ ಹಾಕಿಸುವುದಿಲ್ಲ. ಫ್ಲೂ ಲಸಿಕೆಗೆ ಮಾತ್ರ ಕ್ಯಾಲೆಂಡರಿನ ಹಾಗೆ ಪ್ರತಿ ವರ್ಷ ಹೊಸದು ಬೇಕು.

ಇನ್ನೊಂದು ವಿಚಿತ್ರ ಇದೆ. ಲಸಿಕೆಯ ಡಬ್ಬಿ ಕೈಗೆ ಸಿಕ್ಕರೆ ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಅಲ್ಲಿ ಊರು, ದೇಶಗಳ ಹೆಸರಿರುತ್ತದೆ. ವಿಕ್ಟೋರಿಯಾ, ಥೈಲ್ಯಾಂಡ್, ಆಸ್ಟ್ರಿಯಾ. 2024-25ರ ಲಸಿಕೆಯಲ್ಲಿ ಈ ಮೂರು ಹೆಸರಿದ್ದವು. ಔಷಧಿಯ ಡಬ್ಬಿಯ ಮೇಲೆ ಊರಿನ ಹೆಸರಿಗೆ ಏನು ಕೆಲಸ?

2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಹಿರಿಯರೊಬ್ಬರು ಎಚ್3ಎನ್2 ಫ್ಲೂನಿಂದ ತೀರಿಕೊಂಡ ಸುದ್ದಿ ಬಂದಾಗ, ಆ ಅಂಕಿ-ಅಕ್ಷರಗಳ ಹೆಸರು ನಮ್ಮಲ್ಲೂ ಮನೆಮಾತಾಯಿತು. ಮಾಸ್ಕ್ ಮತ್ತೆ ಹೊರಗೆ ಬಂತು. ಲಸಿಕೆ ಎಲ್ಲಿ ಸಿಗುತ್ತದೆ ಎಂದು ಜನ ಕೇಳತೊಡಗಿದರು. ಆದರೆ ಆ ಲಸಿಕೆಯೊಳಗೆ ಏನಿರಬೇಕು ಎಂದು ತೀರ್ಮಾನಿಸಿದವರು ಯಾರು? ಡಾಕ್ಟರೂ ಅಲ್ಲ, ಔಷಧಿ ಕಂಪನಿಯೂ ಅಲ್ಲ, ಯಾವುದೋ ಒಂದು ಸರ್ಕಾರವೂ ಅಲ್ಲ. ನೂರಿಪ್ಪತ್ತಕ್ಕೂ ಹೆಚ್ಚು ದೇಶಗಳ ಪ್ರಯೋಗಾಲಯಗಳು ಸೇರಿ ಕಟ್ಟಿಕೊಂಡ ಒಂದು ಜಾಲದ ಕೆಲಸ ಅದು. 1952ರಿಂದಲೂ ನಡೆಯುತ್ತಿದೆ. ಜಿಐಎಸ್‌ಆರ್‌ಎಸ್, ಅಂದರೆ ಜಾಗತಿಕ ಇನ್‌ಫ್ಲುಯೆಂಜಾ (ಫ್ಲೂ) ಕಣ್ಗಾವಲು ಮತ್ತು ಪ್ರತಿಕ್ರಿಯಾ ವ್ಯವಸ್ಥೆ ಎಂಬ ಅದರ ಈಗಿನ ಹೆಸರೂ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ವೈರಸ್ ವೇಷ ಬದಲಿಸುವುದು ಹೇಗೆ

ಮೊದಲು ವೈರಸ್ಸಿನ ಸ್ವಭಾವ ನೋಡೋಣ. ಅದು ಗೊತ್ತಾದರೆ ಉಳಿದದ್ದೆಲ್ಲ ಸುಲಭ.

ಫ್ಲೂ ವೈರಸ್ ಒಂದು ಮುಳ್ಳುಮುಳ್ಳಿನ ಉಂಡೆ. ಮೈತುಂಬ ಎರಡು ಬಗೆಯ ಮುಳ್ಳುಗಳು. ಒಂದರ ಹೆಸರು ಹೀಮಗ್ಲುಟಿನಿನ್, ಚಿಕ್ಕದಾಗಿ ಎಚ್. ನಮ್ಮ ಗಂಟಲು, ಶ್ವಾಸಕೋಶದ ಕೋಶಗಳಿಗೆ ವೈರಸ್ ಅಂಟಿಕೊಳ್ಳುವುದು ಇದರಿಂದ. ಇನ್ನೊಂದು ನ್ಯೂರಮಿನಿಡೇಸ್, ಅಂದರೆ ಎನ್. ಒಳಗೆ ಹೋಗಿ ಮರಿ ಮಾಡಿದ ವೈರಸ್‌ಗಳು ಕೋಶದಿಂದ ಬಿಡಿಸಿಕೊಂಡು ಹೊರಬರುವುದಕ್ಕೆ ಇದು ಬೇಕು. ಎಚ್ ಒಳಗೆ ಬಿಡುವ ಕೀಲಿಕೈ, ಎನ್ ಹೊರಗೆ ಬಿಡುವ ಕತ್ತರಿ ಎಂದುಕೊಳ್ಳಿ. ಎಚ್‌ನಲ್ಲಿ ಹಲವು ನಮೂನೆ ಇವೆ, ಎನ್‌ನಲ್ಲೂ ಇವೆ. ಮೂರನೇ ನಮೂನೆಯ ಎಚ್, ಎರಡನೇ ನಮೂನೆಯ ಎನ್ ಇದ್ದರೆ ಅದೇ ಎಚ್3ಎನ್2.

ನಮ್ಮ ದೇಹ ನೆನಪಿಟ್ಟುಕೊಳ್ಳುವುದು ಮುಖ್ಯವಾಗಿ ಎಚ್ ಎಂಬ ಮುಳ್ಳಿನ ಆಕಾರವನ್ನು. ಒಮ್ಮೆ ನೋಡಿದರೆ ಅದಕ್ಕೆ ಸರಿಹೊಂದುವ ಪ್ರತಿಕಾಯಗಳನ್ನು, ಅಂದರೆ ವೈರಸ್ಸನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳನ್ನು, ತಯಾರಿಸಿಟ್ಟುಕೊಳ್ಳುತ್ತದೆ. ತೊಂದರೆ ಶುರುವಾಗುವುದು ಇಲ್ಲೇ. ಫ್ಲೂ ವೈರಸ್ ತನ್ನ ಪ್ರತಿ ಮಾಡಿಕೊಳ್ಳುವಾಗ ತುಂಬ ತಪ್ಪು ಮಾಡುತ್ತದೆ. ಹಿಂದೆ ತಾಳೆಗರಿ ಗ್ರಂಥಗಳನ್ನು ಕೈಯಲ್ಲಿ ನಕಲು ಮಾಡುವಾಗ ಒಬ್ಬ ಒಂದು ಕೊಂಬು ಬಿಡುತ್ತಿದ್ದ, ಮುಂದಿನವ ಒಂದು ದೀರ್ಘ ಮರೆಯುತ್ತಿದ್ದ. ನೂರು ನಕಲಿನ ನಂತರ ಪದವೇ ಬೇರೆಯಾಗಿರುತ್ತಿತ್ತು. ವೈರಸ್ಸಿನಲ್ಲೂ ಹಾಗೆಯೇ. ಹೆಚ್ಚಿನ ತಪ್ಪುಗಳಿಂದ ಅದಕ್ಕೆ ಉಪಯೋಗವಿಲ್ಲ. ಆದರೆ ಯಾವುದೋ ಒಂದು ತಪ್ಪು ಎಚ್‌ನ ಆಕಾರವನ್ನು ಸ್ವಲ್ಪ ಬದಲಿಸಿತು ಅನ್ನಿ. ಆಗ ಹಳೆಯ ಪ್ರತಿಕಾಯಗಳಿಗೆ ಅದರ ಗುರುತು ಸಿಗುವುದಿಲ್ಲ. ಆ ವೈರಸ್ ಹರಡುತ್ತದೆ, ಹಳೆಯದು ಹಿಂದೆ ಬೀಳುತ್ತದೆ. ವರ್ಷ ವರ್ಷ ನಡೆಯುವುದು ಈ ನಿಧಾನದ ಬದಲಾವಣೆ.

ಇನ್ನೊಂದು ಬಗೆ ಅಪರೂಪ, ಆದರೆ ಭಯಂಕರ. ಹಕ್ಕಿ, ಹಂದಿ, ಮನುಷ್ಯ ಎಲ್ಲರಿಗೂ ಫ್ಲೂ ಬರುತ್ತದೆ. ಎರಡು ಬೇರೆ ಬೇರೆ ಫ್ಲೂ ವೈರಸ್‌ಗಳು ಒಂದೇ ಪ್ರಾಣಿಯ ಒಂದೇ ಕೋಶದೊಳಗೆ ಸೇರಿದರೆ ತಮ್ಮ ಭಾಗಗಳನ್ನು ಅದಲುಬದಲು ಮಾಡಿಕೊಳ್ಳಬಲ್ಲವು. ಆಗ ಹುಟ್ಟುವುದು ಸ್ವಲ್ಪ ಬದಲಾದ ವೈರಸ್ ಅಲ್ಲ, ಯಾರ ದೇಹವೂ ಕಂಡಿರದ ಹೊಸ ವೈರಸ್. 1957, 1968 ಮತ್ತು 2009ರಲ್ಲಿ ಜಗತ್ತೆಲ್ಲ ಹರಡಿದ ಫ್ಲೂಗಳು ಹುಟ್ಟಿದ್ದು ಹೀಗೆ.

ಜಾಲ ಹುಟ್ಟಿದ್ದು ಒಂದು ಸೋಲಿನಿಂದ

1918ರ ಫ್ಲೂ ಮುಂಬಯಿ ಬಂದರಿನ ಮೂಲಕ ಭಾರತಕ್ಕೆ ಬಂತು. ನಮ್ಮ ದೇಶವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತರು ಎಂದು ಅಂದಾಜು. ಬೇರೆ ಯಾವ ದೇಶದಲ್ಲೂ ಇಷ್ಟು ಜನ ಸತ್ತಿರಲಿಲ್ಲ. ಇದಕ್ಕೆ ವೈರಸ್ ಕಾರಣ ಎಂಬುದೂ ಆಗ ಗೊತ್ತಿರಲಿಲ್ಲ. ಬಹಳ ವೈದ್ಯರು ಒಂದು ಬ್ಯಾಕ್ಟೀರಿಯಾವೇ ಕಾರಣ ಎಂದು ನಂಬಿದ್ದರು.

ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದು 1933ರಲ್ಲಿ, ಲಂಡನ್ನಿನಲ್ಲಿ. ವಿಲ್ಸನ್ ಸ್ಮಿತ್, ಕ್ರಿಸ್ಟಫರ್ ಆಂಡ್ರೂಸ್, ಪ್ಯಾಟ್ರಿಕ್ ಲೇಡ್‌ಲಾ ಎಂಬ ಮೂವರು ರೋಗಿಗಳ ಗಂಟಲಿನ ದ್ರವವನ್ನು ಫೆರೆಟ್ ಎಂಬ ಪ್ರಾಣಿಯ ಮೂಗಿಗೆ ಬಿಟ್ಟರು. ಫೆರೆಟ್ ನೋಡಲು ನಮ್ಮ ಮುಂಗುಸಿಯ ಹಾಗೆ ಉದ್ದ ಮೈಯದು. ಅದಕ್ಕೂ ಜ್ವರ ಬಂತು, ಅದೂ ಸೀನಿತು. ಮನುಷ್ಯರ ಫ್ಲೂ ಬಂದರೆ ಫೆರೆಟ್ ಹೆಚ್ಚುಕಡಿಮೆ ಮನುಷ್ಯರ ಹಾಗೆಯೇ ಕಾಯಿಲೆ ಬೀಳುತ್ತದೆ. ಇವತ್ತಿಗೂ ಲಸಿಕೆಯ ತೀರ್ಮಾನದಲ್ಲಿ ಈ ಪ್ರಾಣಿಗೆ ದೊಡ್ಡ ಪಾತ್ರವಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

1940ರ ದಶಕದಲ್ಲಿ ಲಸಿಕೆ ಬಂತು. ಅಮೆರಿಕದ ಸೈನಿಕರಿಗೆ ಮೊದಲು ಕೊಟ್ಟರು, ಚೆನ್ನಾಗಿ ಕೆಲಸ ಮಾಡಿತು. ಆದರೆ 1947ರಲ್ಲಿ ಅದು ಕೈಕೊಟ್ಟಿತು. ಲಸಿಕೆ ಹಾಳಾಗಿರಲಿಲ್ಲ, ವೈರಸ್ ಬದಲಾಗಿತ್ತು. ಹಳೆಯ ಫೋಟೋ ಹಿಡಿದುಕೊಂಡು ಗಡ್ಡ ಬಿಟ್ಟ ಕಳ್ಳನನ್ನು ಹುಡುಕಿದ ಹಾಗಾಗಿತ್ತು.

ಅದರಿಂದ ತಿಳಿದದ್ದು ಒಂದೇ ಮಾತು. ಲಸಿಕೆ ಕೆಲಸ ಮಾಡಬೇಕಾದರೆ ವೈರಸ್ ಈಗ ಹೇಗಿದೆ ಎಂಬುದು ಗೊತ್ತಿರಬೇಕು. ಒಂದು ದೇಶದಲ್ಲಿ ಮಾತ್ರ ನೋಡಿದರೆ ಸಾಲದು, ಎಲ್ಲ ಕಡೆಯೂ ನೋಡುತ್ತಿರಬೇಕು. ಲಂಡನ್ನಿನಲ್ಲಿ ಜಾಗತಿಕ ಇನ್‌ಫ್ಲುಯೆಂಜಾ ಕೇಂದ್ರ ಶುರುವಾಯಿತು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿತು. 1952ರಲ್ಲಿ ಅದರ ಅಡಿಯಲ್ಲಿ ಫ್ಲೂ ಕಣ್ಗಾವಲಿನ ಜಾಲ ಕಟ್ಟಿದರು.

ನಮ್ಮ ಪಕ್ಕದಲ್ಲೇ ಅದರ ಒಂದು ಎಳೆ ಇತ್ತು. ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ಆಗ ಭಾರತದ ಇನ್‌ಫ್ಲುಯೆಂಜಾ ಕೇಂದ್ರ ಇತ್ತು. 1957ರ ಮೇ ತಿಂಗಳಲ್ಲಿ ಸಿಂಗಪುರದಿಂದ ಮದ್ರಾಸಿಗೆ ಬಂದ ಹಡಗಿನ ಜೊತೆ ಹೊಸ ಫ್ಲೂ ಭಾರತಕ್ಕೆ ಕಾಲಿಟ್ಟಿತು. ಆ ವರ್ಷ ದೇಶದಲ್ಲಿ ಅದು ಹೇಗೆ ಹರಡಿತು ಎಂಬ ಲೆಕ್ಕವನ್ನು ಕೂನೂರಿನವರು ಜಗತ್ತಿನ ಮುಂದಿಟ್ಟರು.

ಮುಯ್ಯಾಳು ಅಂದರೆ ಗೊತ್ತಲ್ವಾ?

ನಾಟಿ ಸಮಯದಲ್ಲಿ ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಇವತ್ತು ನಾವು ನಿಮ್ಮ ಗದ್ದೆಗೆ ಬರುತ್ತೇವೆ, ನಾಳೆ ನೀವು ನಮ್ಮ ಗದ್ದೆಗೆ ಬನ್ನಿ. ಕೂಲಿ ಕೊಡುವ ಮಾತಿಲ್ಲ. ಆದರೆ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಎಲ್ಲರ ನೆನಪಲ್ಲಿರುತ್ತದೆ.

ಫ್ಲೂ ಜಾಲ ನಡೆಯುವುದೂ ಹೀಗೆಯೇ. ಇಂಥ ದೇಶ ಇಷ್ಟು ಮಾದರಿ ಕಳಿಸಲೇಬೇಕು ಎಂದು ಹಿಡಿದು ಕೂರಿಸುವ ಪೊಲೀಸರಿಲ್ಲ. ಮಾದರಿ ಕೊಟ್ಟವರಿಗೆ ದುಡ್ಡು ಕೊಡುವುದಿಲ್ಲ. ಕೊಟ್ಟರೆ ಎಲ್ಲರ ಮಾಹಿತಿಯೂ ಸಿಗುತ್ತದೆ, ಪರೀಕ್ಷೆಯ ಕಿಟ್‌ಗಳು ಪುಕ್ಕಟೆ ಬರುತ್ತವೆ, ತರಬೇತಿ ಸಿಗುತ್ತದೆ. ಈಗ 120ಕ್ಕೂ ಹೆಚ್ಚು ದೇಶಗಳಲ್ಲಿ 140ಕ್ಕೂ ಹೆಚ್ಚು ರಾಷ್ಟ್ರೀಯ ಇನ್‌ಫ್ಲುಯೆಂಜಾ ಕೇಂದ್ರಗಳಿವೆ. ಇವುಗಳ ಮೇಲೆ, ಮನುಷ್ಯರ ಫ್ಲೂ ನೋಡಿಕೊಳ್ಳಲು ಐದು ದೊಡ್ಡ ಸಹಯೋಗ ಕೇಂದ್ರಗಳು: ಲಂಡನ್, ಅಟ್ಲಾಂಟಾ, ಮೆಲ್ಬರ್ನ್, ಟೋಕಿಯೋ, ಬೀಜಿಂಗ್. ಪ್ರಾಣಿ-ಪಕ್ಷಿಗಳ ಫ್ಲೂಗೆ ಅಮೆರಿಕದ ಮೆಂಫಿಸ್‌ನಲ್ಲಿ ಇನ್ನೊಂದಿದೆ.

ಬೀಜಿಂಗ್ ಮತ್ತು ಅಟ್ಲಾಂಟಾ ಒಂದೇ ಪಟ್ಟಿಯಲ್ಲಿರುವುದನ್ನು ಗಮನಿಸಿ. ರಾಜಕೀಯದಲ್ಲಿ ಮಾತು ನಿಂತಾಗಲೂ ಇವರ ಪ್ರಯೋಗಾಲಯಗಳ ನಡುವೆ ವೈರಸ್ಸಿನ ಲೆಕ್ಕ ಓಡಾಡುತ್ತಿತ್ತು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಮನಸ್ಸಿಗೆ ತಟ್ಟುವ ಸಂಗತಿ ಇದು.

ಒಬ್ಬ ರೋಗಿಯ ಗಂಟಲಿನಿಂದ ಮೆಲ್ಬರ್ನ್‌ವರೆಗೆ

ಈಗ ಒಂದೇ ಒಂದು ಮಾದರಿಯ ಹಿಂದೆ ಹೋಗೋಣ.

ಜ್ವರ, ಕೆಮ್ಮು ಎಂದು ಬಂದ ಎಲ್ಲರಿಂದಲೂ ಮಾದರಿ ತೆಗೆಯುವುದಿಲ್ಲ, ಅಗತ್ಯವೂ ಇಲ್ಲ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡಿದ ಹಾಗೆ, ಗೊತ್ತುಮಾಡಿದ ಕೆಲವು ಆಸ್ಪತ್ರೆಗಳಲ್ಲಿ ಕೆಲವರ ಗಂಟಲು-ಮೂಗಿನ ದ್ರವವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆಯುತ್ತಾರೆ. ಅದನ್ನು ತಂಪಾದ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇಂಥ ವೈರಸ್ ಪ್ರಯೋಗಾಲಯಗಳ ಸರಣಿಯನ್ನೇ ಕಟ್ಟಿದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಭಾರತದ ಮುಖ್ಯ ಫ್ಲೂ ಕೇಂದ್ರ. ಅದರ ಒಂದು ಘಟಕ ಬೆಂಗಳೂರಿನಲ್ಲೂ ಇದೆ.

ಪ್ರಯೋಗಾಲಯದಲ್ಲಿ ಮೊದಲ ಪ್ರಶ್ನೆ ಸರಳ: ಇದು ಫ್ಲೂ ಹೌದೋ ಅಲ್ಲವೋ? ಹೌದಾದರೆ ಎ ಬಗೆಯೋ, ಬಿ ಬಗೆಯೋ? ಎ ಆದರೆ ಎಚ್1ಎನ್1 ಅಥವಾ ಎಚ್3ಎನ್2? ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ಇದು ಕೆಲವೇ ಗಂಟೆಗಳಲ್ಲಿ ಗೊತ್ತಾಗುತ್ತದೆ. ಕೋವಿಡ್ ಸಮಯದಲ್ಲಿ ನಾವೆಲ್ಲ ಕೇಳಿದ ಅದೇ ಪರೀಕ್ಷೆ. ಹೀಗೆ ಪ್ರತಿ ವಾರ ಎಷ್ಟು ಮಾದರಿ ನೋಡಿದೆವು, ಎಷ್ಟರಲ್ಲಿ ಯಾವ ಫ್ಲೂ ಸಿಕ್ಕಿತು ಎಂಬ ಲೆಕ್ಕವನ್ನು ದೇಶಗಳು ಫ್ಲೂನೆಟ್ ಎಂಬ ಸಾಮಾನ್ಯ ಖಾತೆಗೆ ಬರೆಯುತ್ತವೆ. ಅದನ್ನು ಯಾರು ಬೇಕಾದರೂ ನೋಡಬಹುದು.

ಕೆಲವು ಮಾದರಿಗಳು ಇನ್ನೂ ಮುಂದೆ ಹೋಗುತ್ತವೆ. ಹೊಸದಾಗಿ ಕಂಡದ್ದು, ವಿಚಿತ್ರವಾದದ್ದು, ತೀರಾ ಕಾಯಿಲೆ ಬಿದ್ದವರಿಂದ ತೆಗೆದದ್ದು. ಇವನ್ನು ಒಣ ಮಂಜುಗಡ್ಡೆಯಲ್ಲಿಟ್ಟು ಆ ಐದು ದೊಡ್ಡ ಕೇಂದ್ರಗಳಲ್ಲಿ ಒಂದಕ್ಕೆ ವಿಮಾನದಲ್ಲಿ ಕಳಿಸುತ್ತಾರೆ. ಅಲ್ಲಿನ ಪ್ರಶ್ನೆ ಬೇರೆ: ಈಗಿನ ಲಸಿಕೆ ಈ ವೈರಸ್ಸನ್ನು ಗುರುತು ಹಿಡಿಯುತ್ತದೆಯೇ?

ಇಲ್ಲಿ ಮತ್ತೆ ಫೆರೆಟ್ ಬರುತ್ತದೆ. ಹಿಂದೆಂದೂ ಫ್ಲೂ ಬಂದಿರದ ಫೆರೆಟ್‌ಗೆ ಲಸಿಕೆಯಲ್ಲಿರುವ ವೈರಸ್ಸನ್ನು ಕೊಡುತ್ತಾರೆ. ಅದರ ರಕ್ತದಲ್ಲಿ ಆ ಒಂದೇ ವೈರಸ್ಸಿಗೆ ಪ್ರತಿಕಾಯಗಳು ತಯಾರಾಗುತ್ತವೆ. ಆ ರಕ್ತದ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವವನ್ನು ತೆಗೆದು ಹೊಸ ವೈರಸ್ಸಿನ ಮುಂದೆ ನಿಲ್ಲಿಸುತ್ತಾರೆ. ಮನುಷ್ಯರ ರಕ್ತವನ್ನೇ ಯಾಕೆ ಮೊದಲು ಬಳಸುವುದಿಲ್ಲ? ನಮ್ಮ ಮೈಯಲ್ಲಿ ಹುಟ್ಟಿದಾಗಿನಿಂದ ಬಂದುಹೋದ ಎಷ್ಟೋ ಫ್ಲೂಗಳ ನೆನಪು ಕಲಸಿಹೋಗಿರುತ್ತದೆ. ಫೆರೆಟ್‌ನದು ಖಾಲಿ ಸ್ಲೇಟು.

ಪರೀಕ್ಷೆಯನ್ನು ಕಣ್ಣಲ್ಲೇ ನೋಡಬಹುದು. ಒಂದು ತಟ್ಟೆಯಲ್ಲಿ 96 ಪುಟ್ಟ ಗುಳಿಗಳು. ಅದರಲ್ಲಿ ಕೋಳಿಯದೋ ಗಿನಿ ಹಂದಿಯದೋ ಕೆಂಪು ರಕ್ತಕಣ, ವೈರಸ್, ಮತ್ತು ಸೀರಂ. ಫ್ಲೂ ವೈರಸ್ ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿ ಬಲೆಯ ಹಾಗೆ ಹರಡುತ್ತದೆ. ಸೀರಂನ ಪ್ರತಿಕಾಯಗಳು ವೈರಸ್ಸನ್ನು ಗುರುತಿಸಿ ಹಿಡಿದರೆ ಅಂಟಿಸುವ ಕೆಲಸ ನಿಲ್ಲುತ್ತದೆ. ರಕ್ತಕಣಗಳು ಗುಳಿಯ ತಳಕ್ಕೆ ಇಳಿದು ಕುಂಕುಮದ ಬೊಟ್ಟಿನ ಹಾಗೆ ಕೂರುತ್ತವೆ. ಬೊಟ್ಟು ಬಿದ್ದರೆ ಲಸಿಕೆಗೆ ಈ ವೈರಸ್ಸಿನ ಪರಿಚಯ ಇದೆ ಎಂದರ್ಥ. ಸೀರಂಗೆ ಎರಡರಷ್ಟು, ನಾಲ್ಕರಷ್ಟು, ಎಂಟರಷ್ಟು ನೀರು ಬೆರೆಸುತ್ತಾ ಹೋಗಿ, ಎಲ್ಲಿಯವರೆಗೆ ಬೊಟ್ಟು ಬೀಳುತ್ತದೆ ಎಂದು ನೋಡುತ್ತಾರೆ. ಹಳೆಯ ವೈರಸ್ಸಿಗೆ ಹೋಲಿಸಿದರೆ ಹೊಸದರಲ್ಲಿ ಶಕ್ತಿ ಎಂಟು ಪಟ್ಟು ಕುಗ್ಗಿದರೆ ತಜ್ಞರು ಎಚ್ಚರವಾಗುತ್ತಾರೆ. ಈಗ ಇದರ ಜೊತೆಗೆ ವೈರಸ್ಸಿನ ಪೂರ್ತಿ ವಂಶವಾಹಿಯನ್ನೂ ಓದುತ್ತಾರೆ.

ಡಬ್ಬಿಯ ಮೇಲಿನ ಊರಿನ ಹೆಸರಿಗೂ ಉತ್ತರ ಇಲ್ಲೇ ಇದೆ. ಪ್ರತಿ ವೈರಸ್ಸಿಗೂ ಒಂದು ವಿಳಾಸ ಕೊಡುತ್ತಾರೆ: ಬಗೆ, ಮಾದರಿ ಸಿಕ್ಕ ಊರು, ಕ್ರಮಸಂಖ್ಯೆ, ವರ್ಷ. "ಎ/ಡಾರ್ವಿನ್/9/2021" ಅಂದರೆ ಎ ಬಗೆಯದು, ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ 2021ರಲ್ಲಿ ಸಿಕ್ಕ ಒಂಬತ್ತನೇ ಮಾದರಿ. ಆ ಊರಿನಲ್ಲಿ ಯಾರಿಗೋ ಜ್ವರ ಬಂತು, ಯಾರೋ ಗಂಟಲ ದ್ರವ ತೆಗೆದರು, ಅದು ಪ್ರಪಂಚದ ಕೋಟಿಗಟ್ಟಲೆ ಜನರ ತೋಳಿಗೆ ಲಸಿಕೆಯಾಗಿ ಹೋಯಿತು. ಆ ರೋಗಿಗೆ ಈ ವಿಷಯ ಗೊತ್ತೇ ಇರಲಿಕ್ಕಿಲ್ಲ.

ವರ್ಷಕ್ಕೆ ಎರಡು ಸಭೆ

ಪ್ರತಿ ವರ್ಷ ಫೆಬ್ರವರಿಯಲ್ಲಿ ಒಂದು, ಸೆಪ್ಟೆಂಬರ್‌ನಲ್ಲಿ ಒಂದು ಸಭೆ. ಈ ಕೇಂದ್ರಗಳ ತಜ್ಞರು ಸೇರಿ ಎಲ್ಲ ಲೆಕ್ಕ ನೋಡಿ ಮುಂದಿನ ಲಸಿಕೆಯಲ್ಲಿ ಯಾವ ವೈರಸ್‌ಗಳಿರಬೇಕು ಎಂದು ಹೇಳುತ್ತಾರೆ. ಫೆಬ್ರವರಿಯದು ಉತ್ತರಾರ್ಧಗೋಳದ ಮುಂದಿನ ಚಳಿಗಾಲಕ್ಕೆ. ಸೆಪ್ಟೆಂಬರ್‌ನದು ದಕ್ಷಿಣಾರ್ಧಗೋಳದ ಮುಂದಿನ ವರ್ಷದ ಚಳಿಗಾಲಕ್ಕೆ. ಇದು ಸಲಹೆ ಮಾತ್ರ. ಒಪ್ಪುವುದು, ಪರವಾನಗಿ ಕೊಡುವುದು ಆಯಾ ದೇಶಕ್ಕೆ ಬಿಟ್ಟದ್ದು.

ಚಳಿಗಾಲದ ಲಸಿಕೆಗೆ ಫೆಬ್ರವರಿಯಲ್ಲೇ ತೀರ್ಮಾನ ಯಾಕೆ? ತಯಾರಿಕೆಗೆ ಸುಮಾರು ಆರು ತಿಂಗಳು ಬೇಕು. ಹೆಚ್ಚಿನ ಫ್ಲೂ ಲಸಿಕೆ ಇವತ್ತಿಗೂ ಬೆಳೆಯುವುದು ಕೋಳಿಮೊಟ್ಟೆಯಲ್ಲಿ. ಮರಿ ಬೆಳೆಯುತ್ತಿರುವ ಮೊಟ್ಟೆಯೊಳಗೆ ವೈರಸ್ ಬಿಟ್ಟು, ಅದು ಹೆಚ್ಚಿದ ಮೇಲೆ ತೆಗೆದು, ಕೊಂದು, ಶುದ್ಧ ಮಾಡುತ್ತಾರೆ. ಕೋಟಿಗಟ್ಟಲೆ ಡೋಸ್ ಬೇಕಾದರೆ ಕೋಟಿಗಟ್ಟಲೆ ಮೊಟ್ಟೆ ಬೇಕು. ಅಷ್ಟು ಮೊಟ್ಟೆ ರಾತ್ರಿ ಬೆಳಗಾಗುವುದರೊಳಗೆ ಸಿಗುವುದಿಲ್ಲ.

ಹಾಗಾಗಿ ಇದು ಬಿತ್ತನೆಯ ತೀರ್ಮಾನದ ಹಾಗೆ. ಮಳೆ ಹೇಗಿರುತ್ತದೆ ಎಂದು ಪೂರ್ತಿ ಗೊತ್ತಾಗುವ ಮೊದಲೇ ಬೀಜ ಆರಿಸಬೇಕು. ಕೆಲವು ಸಲ ತಪ್ಪುತ್ತದೆ. 2014-15ರ ಚಳಿಗಾಲದಲ್ಲಿ ಎಚ್3ಎನ್2 ವೈರಸ್ ತೀರ್ಮಾನದ ನಂತರ ಬದಲಾಗಿಬಿಟ್ಟಿತು. ಆ ವರ್ಷ ಅಮೆರಿಕದಲ್ಲಿ ಲಸಿಕೆಯ ಪರಿಣಾಮ ಶೇ. 19ರಷ್ಟೇ ಇತ್ತು. ಹೊಂದಾಣಿಕೆ ಚೆನ್ನಾಗಿದ್ದ ವರ್ಷಗಳಲ್ಲಿ ಶೇ. 40ರಿಂದ 60ರವರೆಗೂ ಇರುತ್ತದೆ.

ಒಳ್ಳೆಯ ಸುದ್ದಿಯೂ ಈ ಲೆಕ್ಕದಿಂದಲೇ ಬರುತ್ತದೆ. ಬಿ ಬಗೆಯಲ್ಲಿ ಯಮಗಾಟ ಎಂಬ ಒಂದು ವಂಶ ಇತ್ತು, ಜಪಾನಿನ ಊರಿನ ಹೆಸರು. ಕೋವಿಡ್ ಸಮಯದಲ್ಲಿ ಜನ ಮನೆಯಲ್ಲೇ ಉಳಿದರು, ಮಾಸ್ಕ್ ಹಾಕಿದರು. 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲಿಯೂ ಆ ವಂಶ ಖಚಿತವಾಗಿ ಸಿಕ್ಕಿಲ್ಲ. 2023ರ ಸೆಪ್ಟೆಂಬರ್ ಸಭೆ ಅದನ್ನು ಲಸಿಕೆಯಿಂದ ಬಿಡಿ ಎಂದಿತು. ನಾಲ್ಕು ವೈರಸ್ಸಿನ ಲಸಿಕೆ ಮತ್ತೆ ಮೂರಕ್ಕೆ ಇಳಿಯುತ್ತಿರುವುದು ಅದಕ್ಕೇ. "ಮೊದಲು ನಾಲ್ಕು ಇತ್ತು, ಈಗ ಮೂರು ಕೊಡುತ್ತಿದ್ದಾರೆ, ಕಡಿಮೆ ಆಯಿತಲ್ಲ" ಎಂದು ಬೇಜಾರು ಮಾಡಿಕೊಳ್ಳಬೇಕಿಲ್ಲ.

ಕೊಟ್ಟವರಿಗೆ ಏನು ಸಿಕ್ಕಿತು?

ಮುಯ್ಯಾಳಿನಲ್ಲಿ ಒಂದು ಜಗಳ ಬಂದೇ ಬರುತ್ತದೆ. ನಾನು ಹತ್ತು ದಿನ ಬಂದೆ, ನನ್ನ ಗದ್ದೆಗೆ ಯಾರೂ ಬರಲಿಲ್ಲ ಎಂಬ ಜಗಳ. ಫ್ಲೂ ಜಾಲದಲ್ಲಿ ಅದನ್ನು ಎತ್ತಿದ್ದು ಇಂಡೊನೇಷ್ಯಾ.

2005ರಿಂದ ಅಲ್ಲಿ ಹಕ್ಕಿಜ್ವರದ ಎಚ್5ಎನ್1 ವೈರಸ್ ಜನರಿಗೂ ತಗುಲಿತು. ತಗುಲಿದವರಲ್ಲಿ ಬಹುಪಾಲು ಜನ ಸತ್ತರು. ಇಂಡೊನೇಷ್ಯಾ ಎಂದಿನಂತೆ ಮಾದರಿಗಳನ್ನು ಜಾಲಕ್ಕೆ ಕೊಟ್ಟಿತು. ಆಮೇಲೆ ನೋಡಿದರೆ ಆಸ್ಟ್ರೇಲಿಯಾದ ಒಂದು ಕಂಪನಿ ಅದೇ ವೈರಸ್ಸಿನಿಂದ ಲಸಿಕೆ ತಯಾರಿಸುತ್ತಿತ್ತು. ಮಹಾಮಾರಿ ಬಂದರೆ ಆ ಲಸಿಕೆ ಮೊದಲು ಹೋಗುವುದು ದುಡ್ಡಿದ್ದ ದೇಶಗಳಿಗೆ. ವೈರಸ್ ಕೊಟ್ಟವರು ಸಾಲಿನ ಕೊನೆಗೆ. ಅಲ್ಲಿನ ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿ ಮಾದರಿ ಕಳಿಸುವುದನ್ನೇ ನಿಲ್ಲಿಸಿದರು. 2007ರಲ್ಲಿ ಇದು ದೊಡ್ಡ ಸುದ್ದಿಯಾಯಿತು.

ಎರಡೂ ಕಡೆಯ ಮಾತಿನಲ್ಲಿ ತೂಕವಿತ್ತು. ಮಾದರಿ ಬರದಿದ್ದರೆ ಅತಿ ಅಪಾಯದ ವೈರಸ್ ಎತ್ತ ಬದಲಾಗುತ್ತಿದೆ ಎಂದು ಜಗತ್ತಿಗೆ ಕಾಣುವುದಿಲ್ಲ. ಬರೀ ಕೊಡುತ್ತಾ ಹೋದರೆ ಕೊಟ್ಟವರ ಜನ ಲಸಿಕೆಯಿಲ್ಲದೆ ಸಾಯುತ್ತಾರೆ.

ನಾಲ್ಕು ವರ್ಷ ಮಾತುಕತೆ ನಡೆಯಿತು. 2011ರ ಮೇನಲ್ಲಿ ಒಂದು ಚೌಕಟ್ಟು ಒಪ್ಪಿಗೆಯಾಯಿತು. ಅದರ ತಿರುಳು ಹೀಗೆ. ಮಹಾಮಾರಿಯಾಗಬಲ್ಲ ಫ್ಲೂ ವೈರಸ್‌ಗಳನ್ನು ದೇಶಗಳು ಹಂಚಿಕೊಳ್ಳಬೇಕು. ಅದನ್ನು ಬಳಸುವ ಲಸಿಕೆ ಕಂಪನಿಗಳು ಮಹಾಮಾರಿ ಬಂದಾಗ ತಮ್ಮ ಉತ್ಪಾದನೆಯ ಒಂದು ಭಾಗವನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಕೊಡಲು ಮೊದಲೇ ಕರಾರು ಮಾಡಿಕೊಳ್ಳಬೇಕು. ಜೊತೆಗೆ ಜಾಲದಿಂದ ಲಾಭ ಪಡೆಯುವ ಕಂಪನಿಗಳೆಲ್ಲ ಸೇರಿ ವರ್ಷಕ್ಕೆ 2.8 ಕೋಟಿ ಡಾಲರ್ ಕಟ್ಟಬೇಕು. ಆ ದುಡ್ಡು ಬಡ ದೇಶಗಳ ಪ್ರಯೋಗಾಲಯ, ತಯಾರಿಗಳಿಗೆ ಹೋಗುತ್ತದೆ. ಬಾಯಿಮಾತಿನ ಮುಯ್ಯಿ ಮೊದಲ ಸಲ ಕಾಗದಕ್ಕೆ ಇಳಿಯಿತು.

ಕೊಡು-ಕೊಳ್ಳುವಿಕೆ ಚೆನ್ನಾಗಿ ನಡೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಪುಣೆಯಲ್ಲೇ ಉದಾಹರಣೆ ಇದೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ವಿಜ್ಞಾನಿಗಳು ಬೆಳೆಸಿದ ದುರ್ಬಲ ಫ್ಲೂ ವೈರಸ್ಸಿನ ತಳಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಸೀರಂ ಇನ್‌ಸ್ಟಿಟ್ಯೂಟ್‌ಗೆ ಸಿಕ್ಕಿತು. 2009ರಲ್ಲಿ ಎಚ್1ಎನ್1 ಮಹಾಮಾರಿ ಬಂತು. 2010ರಲ್ಲಿ ಅವರು ಮೂಗಿಗೆ ಸಿಂಪಡಿಸುವ ಲಸಿಕೆ ಹೊರತಂದರು.

ಜಾಲ ಬೇರೆ, ಕಾನೂನು ಬೇರೆ

ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗುತ್ತವೆ, ಬಿಡಿಸಿ ಹೇಳುತ್ತೇನೆ. ಫ್ಲೂ ಜಾಲ ಪ್ರಯೋಗಾಲಯಗಳ ಕೂಟ. ಅಂತಾರಾಷ್ಟ್ರೀಯ ಆರೋಗ್ಯ ನಿಯಮಗಳು ದೇಶಗಳ ನಡುವಿನ ಕಾನೂನು. ಈ ನಿಯಮಗಳಿಗೆ 196 ಪಕ್ಷದಾರರಿದ್ದಾರೆ, 2005ರಲ್ಲಿ ಪರಿಷ್ಕರಿಸಿದ ರೂಪದಲ್ಲಿ 2007ರ ಜೂನ್‌ನಿಂದ ಜಾರಿಯಲ್ಲಿವೆ, ಆಮೇಲೂ ತಿದ್ದುಪಡಿಯಾಗಿವೆ. ಗಡಿ ದಾಟಿ ಹರಡಬಹುದಾದ ಆರೋಗ್ಯದ ಅಪಾಯ ಎಂದು ಒಂದು ದೇಶಕ್ಕೆ ಖಚಿತವಾದರೆ 24 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ಮೊದಲು ತಿಳಿದವರು ಊರಿಗೆ ತಮಟೆ ಹೊಡೆಸಬೇಕು ಎಂಬ ಹಾಗೆ. ಸಂಸ್ಥೆ ಬೇಕಾದರೆ ಜಾಗತಿಕ ತುರ್ತುಸ್ಥಿತಿ ಘೋಷಿಸಬಹುದು. ಹಾಗೆ ಮೊದಲ ಘೋಷಣೆ ಆದದ್ದು 2009ರ ಏಪ್ರಿಲ್‌ನಲ್ಲಿ, ಫ್ಲೂಗಾಗಿಯೇ.

ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದಲ್ಲಿ ಲಾಕ್‌ಡೌನ್ ಹಾಕಬಹುದೇ, ಲಸಿಕೆ ಕಡ್ಡಾಯ ಮಾಡಬಹುದೇ ಎಂದು ಕೇಳುವವರಿದ್ದಾರೆ. ಇಲ್ಲ. ಅದಕ್ಕೆ ಆ ಅಧಿಕಾರವೇ ಇಲ್ಲ.

ಕರ್ನಾಟಕಕ್ಕೂ ಇಂಥ ಜಾಲಗಳ ಹಳೆಯ ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೆ ಜ್ವರ ಬಂತು. ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ಆತಂಕ ಎದ್ದಿತು. ಪುಣೆಯಲ್ಲಿ ಭಾರತ ಮತ್ತು ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ 1952ರಲ್ಲಿ ಶುರು ಮಾಡಿದ್ದ ವೈರಸ್ ಕೇಂದ್ರ ತನಿಖೆಗೆ ಇಳಿಯಿತು. ಬೇರೆ ಬೇರೆ ದೇಶಗಳ ವೈರಸ್‌ಗಳ ಜೊತೆ ಹೋಲಿಸಿದಾಗ ಇದು ಹಳದಿ ಜ್ವರ ಅಲ್ಲ, ರಷ್ಯಾ ಕಡೆಯ, ಉಣ್ಣೆ ಹುಳದಿಂದ ಹರಡುವ ವೈರಸ್‌ಗಳ ಹತ್ತಿರದ ನೆಂಟ ಎಂದು ತಿಳಿಯಿತು. ನಮ್ಮ ಮಂಗನ ಕಾಯಿಲೆಗೆ ಗುರುತು ಸಿಕ್ಕಿದ್ದು ಹೀಗೆ. ಅರವತ್ತು ವರ್ಷದ ನಂತರ, 2018ರ ಮೇನಲ್ಲಿ ಕೋಝಿಕೋಡ್‌ನ ಒಂದೇ ಮನೆಯವರಿಗೆ ಗೊತ್ತಿಲ್ಲದ ಜ್ವರ ಬಂತು. ಮಾದರಿ ಬಂದದ್ದು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಮಲೇಷ್ಯಾದಲ್ಲಿ 1998-99ರಲ್ಲಿ ಮೊದಲು ಕಂಡ ನಿಪಾ ಇದು ಎಂದು ಅಲ್ಲಿ ಪತ್ತೆಯಾಯಿತು, ಪುಣೆ ಖಚಿತಪಡಿಸಿತು. ಮಲೇಷ್ಯಾ ಆ ವೈರಸ್ಸನ್ನು ಜಗತ್ತಿನ ಜೊತೆ ಹಂಚಿಕೊಂಡಿರದಿದ್ದರೆ ಮಣಿಪಾಲದಲ್ಲಿ ಅದನ್ನು ಹುಡುಕುವುದಕ್ಕೆ ಅಳತೆಗೋಲೇ ಇರುತ್ತಿರಲಿಲ್ಲ.

ಈಗ ಈ ಮಾತೆಲ್ಲ ಯಾಕೆ ಬಂತು

ಎರಡು ಕಾರಣ. 2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರುವ ಆದೇಶಕ್ಕೆ ಸಹಿ ಹಾಕಿದರು. ಒಂದು ವರ್ಷದ ನೋಟಿಸ್ ಅವಧಿ 2026ರ ಜನವರಿಗೆ ಮುಗಿಯಿತು. ಅಮೆರಿಕ ಆ ಸಂಸ್ಥೆಯ ಅತಿ ದೊಡ್ಡ ದಾನಿಗಳಲ್ಲಿ ಒಂದಾಗಿತ್ತು. ಆ ಐದು ಕೇಂದ್ರಗಳಲ್ಲಿ ಒಂದಾದ ಅಟ್ಲಾಂಟಾ ಅಲ್ಲಿನದು. 2009ರಲ್ಲಿ ಹೊಸ ಎಚ್1ಎನ್1 ಗುರುತಿಸಿ, ಕೆಲವೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ದೇಶಗಳಿಗೆ ಪರೀಕ್ಷೆಯ ಕಿಟ್ ಕಳಿಸಿದ್ದು ಇದೇ ಅಟ್ಲಾಂಟಾ. ಊರಿನ ದೊಡ್ಡ ಗದ್ದೆಯವರು ಮುಯ್ಯಾಳಿನಿಂದ ಹೊರಗೆ ನಿಂತರೆ ಏನಾಗುತ್ತದೆ ಎಂದು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ.

ಎರಡನೆಯದು ಮಹಾಮಾರಿ ಒಪ್ಪಂದ. ಕೋವಿಡ್ ಸಮಯದಲ್ಲಿ ಇಂಡೊನೇಷ್ಯಾ ಎತ್ತಿದ್ದ ಪ್ರಶ್ನೆಯೇ ಇನ್ನೂ ದೊಡ್ಡದಾಗಿ ಎದ್ದಿತು. ಫ್ಲೂಗೆ 2011ರ ಚೌಕಟ್ಟು ಇತ್ತು, ಕೊರೊನಾಗೆ ಏನೂ ಇರಲಿಲ್ಲ. 2025ರ ಮೇ 20ರಂದು ಜಿನೀವಾದಲ್ಲಿ ದೇಶಗಳು ಹೊಸ ಒಪ್ಪಂದಕ್ಕೆ ಒಪ್ಪಿದವು. ವೈರಸ್ ಹಂಚಿಕೊಂಡದ್ದಕ್ಕೆ ಪ್ರತಿಯಾಗಿ, ಪಾಲ್ಗೊಳ್ಳುವ ಕಂಪನಿಗಳು ಮಹಾಮಾರಿ ಸಮಯದ ಲಸಿಕೆ, ಔಷಧಿಗಳ ಶೇ. 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಸಿಗುವಂತೆ ಮಾಡಬೇಕು, ಅದರಲ್ಲಿ ಅರ್ಧವಾದರೂ ದಾನವಾಗಿ ಎಂಬುದು ಅದರ ಗುರಿ. ಆದರೆ ಹಂಚಿಕೆ ನಡೆಯುವುದು ಹೇಗೆ ಎಂಬ ಕಷ್ಟದ ಭಾಗವನ್ನು ಅಂದು ಒಂದು ಅನುಬಂಧಕ್ಕೆ ಬಿಟ್ಟರು. ಅನುಬಂಧ ಒಪ್ಪಿಗೆಯಾದ ಮೇಲೆಯೇ ಸಹಿ. 60 ದೇಶಗಳು ಅನುಮೋದಿಸಿದ ಮೇಲೆಯೇ ಜಾರಿ.

ಹಾಗಾದರೆ ನಮಗೆ ಯಾವ ಲಸಿಕೆ, ಯಾವಾಗ?

ಭಾರತ ಭೂಗೋಳದಲ್ಲಿ ಉತ್ತರಾರ್ಧಗೋಳದಲ್ಲಿದೆ. ಆದರೆ ಫ್ಲೂ ಭೂಪಟ ನೋಡಿ ಬರುವುದಿಲ್ಲ. ಯುರೋಪಿನಲ್ಲಿ ಅದು ಡಿಸೆಂಬರ್-ಫೆಬ್ರವರಿಯ ಕಾಯಿಲೆ. ನಮ್ಮಲ್ಲಿ ಶ್ರೀನಗರ ಮಾತ್ರ ಆ ಲೆಕ್ಕಕ್ಕೆ ಹೊಂದುತ್ತದೆ. ಪುಣೆ, ದೆಹಲಿಗಳಲ್ಲಿ ಮಳೆಗಾಲದಲ್ಲಿ ಏರುತ್ತದೆ, ಚೆನ್ನೈ-ವೆಲ್ಲೂರಿನಲ್ಲಿ ಅಕ್ಟೋಬರ್-ನವೆಂಬರ್‌ನಲ್ಲಿ. ಇದರ ಮೇಲೆ ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಅಲೆ ಬರುವುದುಂಟು. ಹಾಸನದ ಸುದ್ದಿ ಬಂದದ್ದು ಆ ಅಲೆಯಲ್ಲೇ.

ಅದಕ್ಕೇ ಮಳೆಗಾಲದ ಫ್ಲೂ ಇರುವ ಕಡೆ ಏಪ್ರಿಲ್-ಮೇನಲ್ಲಿ ಹಾಕಿಸಿಕೊಳ್ಳಿ ಎಂದು ಡಾಕ್ಟರುಗಳು ಹೇಳುವುದು. ಲಸಿಕೆ ಕೆಲಸ ಶುರು ಮಾಡಲು ಸುಮಾರು ಎರಡು ವಾರ ಬೇಕು. ಆ ಹೊತ್ತಿಗೆ ಹೊಸದಾಗಿ ಸಿಗುವುದು ಹಿಂದಿನ ಸೆಪ್ಟೆಂಬರ್ ಸಭೆಯ ದಕ್ಷಿಣಾರ್ಧಗೋಳದ ಲಸಿಕೆ. ಡಬ್ಬಿಯ ಮೇಲೆ "ಎಸ್‌ಎಚ್" ಮತ್ತು ವರ್ಷ ಇರುತ್ತದೆ. "ಎನ್‌ಎಚ್" ಎಂದಿದ್ದರೆ ಫೆಬ್ರವರಿ ಸಭೆಯದು, ಅದು ಚಳಿಗಾಲದ ಹೊತ್ತಿಗೆ ಅಂಗಡಿಗೆ ಬರುತ್ತದೆ. ಏಪ್ರಿಲ್‌ನಲ್ಲಿ ಯಾರಾದರೂ ಹಳೆಯ ಎನ್‌ಎಚ್ ಡಬ್ಬಿ ಕೊಟ್ಟರೆ ಎಕ್ಸ್‌ಪೈರಿ ದಿನಾಂಕ ನೋಡಿ, ಹೊಸದು ಬಂದಿದೆಯೇ ಎಂದು ಕೇಳಿ.

ವಯಸ್ಸಾದವರು, ಗರ್ಭಿಣಿಯರು, ಆರು ತಿಂಗಳು ತುಂಬಿದ ಪುಟ್ಟ ಮಕ್ಕಳು, ಸಕ್ಕರೆ ಕಾಯಿಲೆ, ಉಬ್ಬಸ, ಹೃದಯದ ತೊಂದರೆ ಇರುವವರು ತಮ್ಮ ಡಾಕ್ಟರ ಹತ್ತಿರ ಈ ಮಾತು ಎತ್ತಬೇಕು. ಹಾಕಿಸಿಕೊಂಡ ಮೇಲೆ ಡಬ್ಬಿ ಬಿಸಾಡುವ ಮೊದಲು ಅದರ ಮೇಲಿನ ಮೂರು ಊರುಗಳ ಹೆಸರು ಓದಿ. ಮುಂದಿನ ವರ್ಷ ಅವುಗಳಲ್ಲಿ ಒಂದಾದರೂ ಬದಲಾಗಿದ್ದರೆ, ಎಲ್ಲೋ ಒಂದು ತಟ್ಟೆಯಲ್ಲಿ ಕುಂಕುಮದ ಬೊಟ್ಟು ಬೀಳಲಿಲ್ಲ ಎಂದರ್ಥ.